ನಲವತ್ತೆರಡನೇ ತುಂಡು

"ಇದೇನಯ್ಯಾ, ಎರಡು ತಂದಿದ್ದೀಯ?"

ಉಗ್ರಾಣದವನು ಟ್ರೇಯನ್ನು ಬೆಂಚಿನ ಮೇಲಿಟ್ಟು ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಟ್ರೇಯಲ್ಲಿ ಅಂಗೈಯಗಲದ ಎರಡು ಉಕ್ಕಿನ ತುಂಡುಗಳಿದ್ದವು. ಆಗಷ್ಟೇ ಕತ್ತರಿಸಿದ್ದರಿಂದ ಅಂಚಿನ ತುಂಬ ಮುಳ್ಳು. ಒಂದರ ಮೂಲೆಯಲ್ಲಿ ನಲವತ್ತೊಂದು, ಇನ್ನೊಂದರ ಮೂಲೆಯಲ್ಲಿ ನಲವತ್ತೆರಡು ಎಂದು ಅಂಕೆ ಒತ್ತಲಾಗಿತ್ತು.

"ಯಾವತ್ತೂ ಎರಡೇ ತಾನೆ ಸಾರ್ ತರೋದು? ಜೋಡಿ ಅಲ್ವಾ..." ಎಂದವನು ಅಲ್ಲಿಗೇ ನಿಂತ. ಒರೆಸುತ್ತಿದ್ದ ಕೈಯೂ ನಿಂತಿತು. "ಅಯ್ಯಯ್ಯೋ! ಪಟ್ಟಿ ನೋಡ್ಕೊಂಡು ಒತ್ಬಿಟ್ಟೆ ಸಾರ್. ಪಟ್ಟೀಲಿ ಯಾರೂ ಗೀಟು ಹಾಕಿರ್ಲಿಲ್ಲ."

ಪಟ್ಟಿ ಬರೆದವರು ಮೇಷ್ಟ್ರೇ. ವರ್ಷದ ಮೊದಲ ದಿನ ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸಿದ್ದರು. ಅದರಲ್ಲಿ ಒಂದು ನಂಬರಿನ ಮೇಲೆ ಗೀಟು ಎಳೆಯಬೇಕಾಗಿ ಬಂದು ಮೂರು ತಿಂಗಳಾಗಿತ್ತು. ಎಳೆಯಬೇಕಾದವರೂ ಅವರೇ.

"ವಾಪಸ್ ತಗೊಂಡು ಹೋಗ್ಲಾ ಸಾರ್?"

"ಬೇಡ. ಇರ್ಲಿ."

"ಅವ್ನು ಬಂದು ಕಣ್ಣಿಗೆ ಬಿದ್ರೆ..."

"ಬೀಳ್ಲಿ ಬಿಡು. ನೀನು ಹಿಂದಿನ ಗೇಟ್ ತೆಗೆದಿಡು, ಅವರು ಬರೋ ಹೊತ್ತಾಯ್ತು."

ಅಂದು ರಜಾ ದಿನ. ವರ್ಕ್‌ಶಾಪಿನ ಉದ್ದಕ್ಕೂ ಇಪ್ಪತ್ತೊಂದು ಬೆಂಚುಗಳು ಖಾಲಿ ನಿಂತಿದ್ದವು. ಪ್ರತಿ ಬೆಂಚಿಗೂ ಉಕ್ಕನ್ನು ಕಚ್ಚಿ ಹಿಡಿಯುವ ಎರಡು ವೈಸು, ಬಾಯಿ ಮುಚ್ಚಿಕೊಂಡು. ಗೋಡೆಯ ಹಲಗೆಯ ಮೇಲೆ ಸುತ್ತಿಗೆ, ಗರಗಸ, ಅರಗಳನ್ನು ತೂಗುಹಾಕಿ, ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿಡಲಾಗಿತ್ತು, ಯಾವುದಾದರೂ ಕಾಣೆಯಾದರೆ ತಕ್ಷಣ ಗೊತ್ತಾಗಲೆಂದು. ಒಂದು ಹತ್ತಿಂಚಿನ ಅರದ ಜಾಗದಲ್ಲಿ ಬರೀ ಕಪ್ಪು ಆಕಾರವಿತ್ತು. ಆ ಅರ ಈಗ ಪೊಲೀಸರ ಬಳಿ ಇತ್ತು.

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಅರ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೊದಲ ವರ್ಷದ ಹುಡುಗರ ಕೈಗೆ ಅರ ಕೊಟ್ಟು, ಉಬ್ಬುತಗ್ಗಿನ ಉಕ್ಕನ್ನು ಸಮತಟ್ಟು ಮಾಡಲು ಕಲಿಸುವುದು ಮೂವತ್ತೊಂದು ವರ್ಷಗಳಿಂದ ಅವರ ಕೆಲಸ. ಹುಡುಗರ ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ನಂಬರು ಮರೆಯುತ್ತಿರಲಿಲ್ಲ. ಹತ್ತು ವರ್ಷದ ನಂತರ ಮೀಸೆ ಬಿಟ್ಟುಕೊಂಡು ಬಂದವನನ್ನೂ "ಏನಯ್ಯಾ ಹದಿನೇಳು, ಚೆನ್ನಾಗಿದ್ದೀಯಾ?" ಎಂದು ಕೇಳಿ ಬೆರಗುಗೊಳಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ ಆ ಅಡ್ಡಹೆಸರಿಗೆ ಬೇರೆ ಅರ್ಥ ಹಚ್ಚಿದ್ದಳು: "ನೀವು ಬಾಯಿ ತೆಗೆದ್ರೆ ಎದುರಿಗಿದ್ದೋರ ಚರ್ಮ ಕಿತ್ತು ಬರುತ್ತೆ. ಸರಿಯಾಗೇ ಇಟ್ಟಿದ್ದಾರೆ ಹೆಸರು."

ಜೋಡಿ ಎನ್ನುವುದು ಆ ವರ್ಕ್‌ಶಾಪಿನದೇ ಪದ್ಧತಿ. ಬೇರೆ ಕಡೆ ಪ್ರತಿ ಹುಡುಗನೂ ತನ್ನ ಜಾಬಿಗೆಂದು ಎರಡು ತುಂಡು ಮಾಡುತ್ತಾನೆ. ಒಂದಕ್ಕೆ ಮುಂದೆ ಚಾಚಿದ ನಾಲಗೆ, ಇನ್ನೊಂದಕ್ಕೆ ಆ ನಾಲಗೆ ಕೂರುವ ಖಾಲಿ ಜಾಗ. ಎರಡನ್ನೂ ಸೇರಿಸಿದರೆ ಕೂದಲು ತೂರದಂತೆ ಕೂರಬೇಕು. ಇಲ್ಲಿ ಯಾವುದೋ ಕಾಲದಲ್ಲಿ ಉಕ್ಕಿಗೆ ತತ್ವಾರವಾದಾಗ ಪಕ್ಕಪಕ್ಕದ ನಂಬರಿನ ಇಬ್ಬರಿಗೆ ಒಂದೊಂದು ತುಂಡು ಹಂಚಿ, ಇಬ್ಬರಿಗೂ ಒಂದೇ ಅಂಕ ಎಂದು ಮಾಡಿದ್ದರು. ತತ್ವಾರ ಯಾವಾಗಲೋ ಮುಗಿದಿತ್ತು, ಪದ್ಧತಿ ಉಳಿದಿತ್ತು. ಉಳಿಸಿದವರು ಮೇಷ್ಟ್ರು. "ಇನ್ನೊಬ್ಬನ ಅಳತೆಗೆ ಹೊಂದಿಕೊಳ್ಳೋದು ಕಲೀದೋನು ಫಿಟ್ಟರ್ ಆಗಲ್ಲ" ಎಂದು ಪ್ರತಿ ವರ್ಷದ ಮೊದಲ ದಿನ ಹೇಳುತ್ತಿದ್ದರು. ಹುಡುಗರು ಅದನ್ನು ಮದುವೆ ಎನ್ನುತ್ತಿದ್ದರು. "ಏನಪ್ಪಾ, ನಿನ್ನ ಸಂಸಾರ ಹೆಂಗಿದೆ?" ಎಂದು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ಮಧ್ಯದಲ್ಲಿ ಜೋಡಿ ಬದಲಾಯಿಸಿಕೊಟ್ಟ ಉದಾಹರಣೆ ಮೂವತ್ತೊಂದು ವರ್ಷಗಳಲ್ಲಿ ಒಂದೂ ಇರಲಿಲ್ಲ.

ಮುಂದಿನ ಗೇಟಿನ ಕಡೆಯಿಂದ ಕೂಗು ಕೇಳಿಸಿತು. ಬೆಳಿಗ್ಗೆಯಿಂದಲೂ ಹುಡುಗರು ಅಲ್ಲಿ ಧರಣಿ ಕೂತಿದ್ದರು. ಅವರು ಕೂಗಿ ಹೇಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಮೂರು ತಿಂಗಳ ಹಿಂದೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ನಲವತ್ತೊಂದು ಮತ್ತು ನಲವತ್ತೆರಡು ಕೈಕೈ ಮಿಲಾಯಿಸಿದ್ದರು. ಹಿಡಿ ಕಳಚಿದ ಅರದ ಮೊನೆ ನಲವತ್ತೆರಡರ ಪಕ್ಕೆಗೆ ಹೋಗಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊಂದವನಿಗೆ ಜಾಮೀನು ಸಿಕ್ಕಿತು, ಪರೀಕ್ಷೆ ಬರೆಯಲು ಅನುಮತಿ ಸಿಕ್ಕಿತು, ಈಗ ಪ್ರಾಯೋಗಿಕ ಪರೀಕ್ಷೆಗೆಂದು ಅವನೊಬ್ಬನಿಗೇ ಒಂದು ದಿನ, ಒಂದು ಕೋಣೆ, ಒಬ್ಬ ಮೇಷ್ಟ್ರು. ಸತ್ತವನಿಗೆ? ಪ್ರಕರಣ ಕೋರ್ಟಿನಲ್ಲಿದೆ ಎಂದು ಒಂದು ಸಂತಾಪ ಸಭೆಯೂ ಇಲ್ಲ. ಅದಕ್ಕಿಂತ ಹುಡುಗರನ್ನು ಕೆರಳಿಸಿದ್ದು ಕಾಲೇಜು ಕೊಟ್ಟ ಉತ್ತರ. 'ಇಬ್ಬರ ನಡುವೆ ಮೊದಲಿಂದಲೂ ಮನಸ್ತಾಪವಿತ್ತು. ಇಬ್ಬರಿಗೂ ಬುದ್ಧಿ ಹೇಳಲಾಗಿತ್ತು. ಮೃತ ವಿದ್ಯಾರ್ಥಿಯಿಂದ ಪ್ರತ್ಯೇಕವಾಗಿ ಯಾವ ದೂರೂ ಬಂದಿರಲಿಲ್ಲ.'

ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ಗೇಟು ದಾಟುವಾಗ ಹುಡುಗರು ದಾರಿ ಬಿಟ್ಟರು. ಕೂಗಲಿಲ್ಲ, ಅಷ್ಟೇ. ಅವರ ನಡುವಿನಿಂದ ನಲವತ್ತೆರಡರ ತಾಯಿ ಎದ್ದು ಬಂದಳು. ಬಟ್ಟೆ ಹೊಲಿಯುವ ಹೆಂಗಸು. ರವಿಕೆಯ ಎದೆಯ ಮೇಲೆ ಎರಡು ಗುಂಡುಸೂಜಿ ಚುಚ್ಚಿದ್ದು ಹಾಗೇ ಇತ್ತು, ತೆಗೆಯಲು ಮರೆತಿರಬೇಕು.

"ಮೇಷ್ಟ್ರೇ, ಒಂದೇ ಮಾತು" ಎಂದಳು. "ಅವ್ನು ನನ್ನ ಹತ್ರ ಏನೂ ಬಿಡಿಸಿ ಹೇಳ್ತಿರ್ಲಿಲ್ಲ. ಮುಖ ಸಪ್ಪಗಿದ್ಯಲ್ಲೋ ಅಂದ್ರೆ, ಏನೋ ಇದೆಯಮ್ಮಾ, ಮೇಷ್ಟ್ರಿಗೆ ಹೇಳಿದೀನಿ, ಸರಿಹೋಗುತ್ತೆ ಅಂತಿದ್ದ. ಈಗ ನೋಡಿದ್ರೆ ಇವ್ರು ಅವ್ನು ಯಾರಿಗೂ ಹೇಳೇ ಇಲ್ಲ ಅಂತಾರೆ. ನಿಮ್ಮ ಹತ್ರ ಬಂದಿದ್ನಾ, ಇಲ್ಲಾ ನನ್ನ ಸಮಾಧಾನಕ್ಕೆ ಹಾಗಂದ್ನಾ? ಅಷ್ಟು ಹೇಳಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅವ್ನು ನನಗೆ ಸುಳ್ಳು ಹೇಳಿದ್ನಾ ಅಂತ ಗೊತ್ತಾಗ್ಬೇಕು."

"ಎರಡು ಗಂಟೆಗೆ ವಿಚಾರಣೆ ಇದೆಯಲ್ಲಮ್ಮ, ಅಲ್ಲಿ ಹೇಳ್ತೀನಿ" ಎಂದು ಮೇಷ್ಟ್ರು ಒಳಗೆ ಬಂದುಬಿಟ್ಟರು.

ಹುಡುಗನ ಸಾವಿನ ಬಗ್ಗೆ ನೇಮಿಸಿದ್ದ ಸಮಿತಿಯ ಆ ವಿಚಾರಣೆಯಲ್ಲಿ ಏನು ಹೇಳಬೇಕೆಂಬುದು ಹಿಂದಿನ ದಿನವೇ ಟೈಪಾಗಿ ಅವರ ಜೇಬಿನಲ್ಲಿತ್ತು. ಪ್ರಿನ್ಸಿಪಾಲರು ತಾವೇ ಅವರ ಬೆಂಚಿನ ತನಕ ಬಂದು ಕೊಟ್ಟಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಒಂಬತ್ತು ನಂಬರಿನ ಹುಡುಗನಾಗಿದ್ದವರು ಅವರು. ಈಗಲೂ ಮೇಷ್ಟ್ರ ಎದುರು ಕೈ ಕಟ್ಟಿಯೇ ನಿಲ್ಲುತ್ತಿದ್ದರು.

"ನಾನು ಒಂದಕ್ಷರ ಸೇರಿಸಿಲ್ಲ ಮೇಷ್ಟ್ರೇ. ನಿಮ್ಮ ದಿನಚರಿಯಲ್ಲಿ ಇರೋದೇ. ನೀವು ಬರೆದದ್ದೇ."

ನಿಜ. ದಿನಚರಿಯ ಸಾಲು ಮೇಷ್ಟ್ರಿಗೆ ಬಾಯಿಪಾಠವಾಗಿತ್ತು: 'ನಲವತ್ತೊಂದು, ನಲವತ್ತೆರಡು ಇಬ್ಬರನ್ನೂ ಕರೆಸಿ ತಿಳಿಹೇಳಲಾಯಿತು. ಇಬ್ಬರೂ ಒಪ್ಪಿದರು.'

"ಎಂಟುನೂರು ಮಕ್ಕಳಿರೋ ಕಾಲೇಜು" ಎಂದು ಪ್ರಿನ್ಸಿಪಾಲರು ದನಿ ತಗ್ಗಿಸಿದ್ದರು. "ದೂರು ಬಂದಿತ್ತು, ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಒಂದ್ಸಲ ಬರೆಸಿಕೊಂಡ್ರೆ ಮುಂದಿನ ವರ್ಷ ಬಾಗಿಲು ಹಾಕಬೇಕಾಗುತ್ತೆ. ಮೊದಲು ಬರೋದೂ ನಿಮ್ಮ ಹೆಸರೇ. ನಿಮ್ಮನ್ನ ಆ ಜಾಗದಲ್ಲಿ ನೋಡೋಕೆ ನನಗಾಗಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿ, "ಆ ಹುಡುಗನ ಜಾಬಿಗೆ ಜೋಡಿ ಬೇಕಲ್ವಾ? ಆ ಇನ್ನೊಂದು ತುಂಡನ್ನ ನೀವೇ ಮಾಡಿಬಿಡಿ. ಕೂರಿಸಿ, ಅಂಕ ಕೊಟ್ಟು ಕಳಿಸಿಬಿಡೋಣ. ಅಷ್ಟಕ್ಕೆ ಮುಗೀಲಿ" ಎಂದಿದ್ದರು.

ಹಿಂದಿನ ಬಾಗಿಲ ಬಳಿ ನೆರಳಾಡಿತು. ನಲವತ್ತೊಂದು ಬಂದಿದ್ದ. ಅವನ ಅಪ್ಪ ಹೊಸ್ತಿಲ ಆಚೆಯೇ ನಿಂತ. ಡ್ರೈವರನ ಖಾಕಿ ಅಂಗಿ, ಕೈಯಲ್ಲಿ ಮಗನ ಚೀಲ.

"ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದರು ಮೇಷ್ಟ್ರು.

"ಬೇಡ ಸಾರ್. ಇಲ್ಲೇ ಇರ್ತೀನಿ." ಆತ ಚೀಲವನ್ನು ಮಗನ ಕೈಗೆ ಕೊಟ್ಟು, ಎದುರುಗೋಡೆಗೆ ಮುಖ ಮಾಡಿ ಓಣಿಯ ಕಟ್ಟೆಯ ಮೇಲೆ ಕೂತ. ಆ ಕಡೆಯಲ್ಲವೇ ಅದು ನಡೆದದ್ದು ಎಂದು ಮೇಷ್ಟ್ರಿಗೆ ಹೊಳೆದದ್ದು ಆಮೇಲೆ. ಆತನಿಗೆ ಗೊತ್ತಿರಲಿಕ್ಕಿಲ್ಲ.

ಹುಡುಗ ಇಳಿದುಹೋಗಿದ್ದ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಇಪ್ಪತ್ತನೆಯ ಬೆಂಚು ದಾಟಿ ಕೊನೆಯ ಬೆಂಚಿನತ್ತ ಕಾಲುಗಳು ತಾವಾಗಿ ನಡೆದವು. ಟ್ರೇ ನೋಡಿ ನಿಂತ.

"ಸಾರ್, ಎರಡಿದೆ."

"ಹೂಂ. ಗೊತ್ತು. ನಿಂದು ತಗೋ. ನಾಲ್ಕು ಗಂಟೆ ಟೈಮು."

ಅವನು ನಲವತ್ತೊಂದನ್ನು ಎತ್ತಿಕೊಂಡ. ಗೀರು ಎದ್ದು ಕಾಣಲೆಂದು ನೀಲಿ ಬಳಿದು, ಒಣಗಿಸಿ, ಅಳತೆ ಗೀರಿದ. ಎಡಗೈಯವನು, ಆ ವರ್ಷದ ನಲವತ್ತೆರಡು ಜನರಲ್ಲಿ ಅವನೊಬ್ಬನೇ ಎಡಗೈಯವನು. ಗರಗಸ ಹಾಕಿ ಮೂಲೆ ತೆಗೆದ. ವೈಸಿಗೆ ಬಿಗಿದು ಅರ ಹಿಡಿಯುವ ಮೊದಲು ಹಿಡಿಯನ್ನು ಎರಡು ಸಲ ಬೆಂಚಿಗೆ ಕುಟ್ಟಿ, ಎಳೆದು ನೋಡಿ, ಮತ್ತೆ ಕುಟ್ಟಿದ. ಮೇಷ್ಟ್ರು ಮುಖ ಬೇರೆ ಕಡೆ ತಿರುಗಿಸಿದರು.

ಅರ್ಧ ಗಂಟೆ ಅರದ ಸದ್ದೊಂದೇ. ಆಮೇಲೆ ಮೇಷ್ಟ್ರು ಎದ್ದು, ಟ್ರೇಯಲ್ಲಿ ಉಳಿದಿದ್ದ ನಲವತ್ತೆರಡನ್ನು ತೆಗೆದುಕೊಂಡು, ಅದೇ ಬೆಂಚಿನ ಇನ್ನೊಂದು ವೈಸಿಗೆ ಬಿಗಿದರು. ವಿದ್ಯಾರ್ಥಿಯ ತುಂಡಿಗೆ ಅವರು ಕೈ ಹಚ್ಚಿದ್ದೇ ಇಲ್ಲ. ಈಗಲೂ ಮನಸ್ಸು ಹಿಂಜರಿಯಿತು. ಇಷ್ಟಕ್ಕೆ ಮುಗಿಯುವುದಾದರೆ ಮುಗಿಯಲಿ ಎಂದು ಅರ ಹಿಡಿದು ಕಾಲೂರಿ ನಿಂತರು.

ನಾಲ್ಕು ಸಲ ತಳ್ಳುವಷ್ಟರಲ್ಲೇ ಗೊತ್ತಾಯಿತು. ಪಕ್ಕದ ವೈಸಿನಲ್ಲಿ ಹುಡುಗ ಮೈಭಾರವನ್ನೆಲ್ಲ ಹಾಕಿ ಜೋರಾಗಿ ತಳ್ಳುತ್ತಿದ್ದ. ಅವನು ತಳ್ಳಿದಾಗಲೆಲ್ಲ ಬೆಂಚು ಕದಲಿ, ಇವರ ಅರ ಉಕ್ಕಿನ ಮೇಲೆ ಕುಣಿಯುತ್ತಿತ್ತು. ಮೇಷ್ಟ್ರು ನಿಲುವು ಬದಲಾಯಿಸಿದರು. ಮೊಣಕೈ ಬಿಗಿಹಿಡಿದರು. ಅವನು ಹಿಂದೆಳೆಯುವ ಹೊತ್ತು ನೋಡಿ ತಾವು ತಳ್ಳಿದರು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಉಬ್ಬು, ಎರಡೂ ತುದಿಯಲ್ಲಿ ಬೆಳಕು ಸೋರುತ್ತಿತ್ತು. ಮೂವತ್ತೊಂದು ವರ್ಷ ಅರ ಹಿಡಿದ ಕೈ.

'ಸಾರ್, ಬೆಂಚು ಅಲ್ಲಾಡುತ್ತೆ.'

ನಲವತ್ತೆರಡು ಮೊದಲ ಸಲ ಮೇಷ್ಟ್ರ ಮೇಜಿಗೆ ಬಂದದ್ದು ಆ ಮಾತಿಗೆ. ಸಣ್ಣ ದನಿ, ನಿಧಾನದ ಹುಡುಗ. ಉಳಿದವರು ಒಂದು ಜಾಬು ಮುಗಿಸುವ ಹೊತ್ತಿಗೆ ಒಂದು ಅಂಚು ಮುಗಿಸುತ್ತಿದ್ದ. ಆ ಅಂಚಿನಲ್ಲಿ ಮಾತ್ರ ಎಲ್ಲಿ ಹಿಡಿದರೂ ಬೆಳಕು ತೂರುತ್ತಿರಲಿಲ್ಲ. "ಬೆಂಚು ಅಲ್ಲಾಡಿದ್ರೆ ನೀನೂ ಜೊತೆಗೆ ಅಲ್ಲಾಡಯ್ಯಾ, ಮದುವೆ ಆದಮೇಲೆ ಅದೇ ಕಥೆ" ಎಂದಿದ್ದರು ಮೇಷ್ಟ್ರು. ಕೋಣೆಯೆಲ್ಲ ಬಿದ್ದುಬಿದ್ದು ನಕ್ಕಿತ್ತು. ಎರಡನೇ ಸಲ ಬಂದಾಗ ನೇರವಾಗಿ ಕೇಳಿದ್ದ, ಜೋಡಿ ಬದಲಾಯಿಸಿಕೊಡಿ, ಅವನು ನನ್ನನ್ನು ಬಿಡ್ತಾ ಇಲ್ಲ, ಹಾಸ್ಟೆಲಿಗೂ ಬರ್ತಾನೆ ಎಂದು. "ವೈಸಿಗೆ ಬಿಗಿದ ಮೇಲೆ ಜಾಬು ಎದ್ದು ಓಡೋಗುತ್ತೇನಯ್ಯಾ?" ಮತ್ತೆ ನಗು.

ಮೂರನೇ ಸಲ ಹುಡುಗ ಮಾತಾಡಲಿಲ್ಲ. ಮೂರು ವಾರ ಕೂತು ಮಾಡಿದ ತುಂಡನ್ನು ತಂದು ಮೇಜಿನ ಮೇಲಿಟ್ಟ. ನಡುಮಧ್ಯೆ ಯಾರೋ ಗರಗಸ ಎಳೆದಿದ್ದರು.

"ಸಾರ್." ಪಕ್ಕದ ಅರ ನಿಂತಿತ್ತು. "ಅವ್ನ ತುಂಡು ನೀವ್ಯಾಕೆ ಮಾಡ್ತಿದ್ದೀರಾ?"

"ನಿನ್ನ ಜಾಬಿಗೆ ಜೋಡಿ ಬೇಡ್ವಾ?"

ಹುಡುಗ ತನ್ನ ಕೈಯಲ್ಲಿದ್ದ ಅರವನ್ನು ತಿರುಗಿಸುತ್ತಾ ನಿಂತ. "ಬೇಡ ಸಾರ್. ಅದನ್ನ ಬಿಟ್ಬಿಡಿ."

"ಜೋಡಣೆಗೆ ನಲವತ್ತು ಅಂಕ ಕಣಯ್ಯಾ. ಬಿಟ್ರೆ ಫೇಲಾಗ್ತೀಯ."

"ಮೊದಲನೇ ಪರೀಕ್ಷೇಲೂ ಫೇಲೇ ಅಲ್ವಾ ಸಾರ್? ಅವ್ನು ಮುಗಿಸ್ಲೇ ಇಲ್ಲ. ಇಬ್ರಿಗೂ ಒಂದೇ ಅಂಕ ಅಂತ ನನಗೂ ಸೊನ್ನೆ ಹಾಕಿದ್ರಿ. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದೋದ್ರು ಅವತ್ತು." ಅವನು ಬಾಗಿಲಿನ ಕಡೆ ನೋಡಿದ. ಹೊರಗೆ ಕಟ್ಟೆಯ ಮೇಲಿನ ಖಾಕಿ ಬೆನ್ನು ಕಾಣುತ್ತಿತ್ತು. "ಅವತ್ತಿಂದ ಅವ್ನನ್ನ ಕಂಡ್ರೆ ನನಗೆ ಮೈಯೆಲ್ಲಾ ಉರೀತಿತ್ತು. ಬೇಗ ಮಾಡೋ, ಬೇಗ ಮಾಡೋ ಅಂತ ಹಿಂದೆ ಬೀಳ್ತಿದ್ದೆ. ಎಷ್ಟು ಬೈದ್ರೂ ಬಾಯೇ ಬಿಡ್ತಿರ್ಲಿಲ್ಲ. ಒಂದು ಮಾತು ತಿರುಗಿ ಬೈದಿದ್ರೂ..."

ಅವನು ಅರದ ಹಿಡಿಯನ್ನು ಮತ್ತೆ ಬೆಂಚಿಗೆ ಕುಟ್ಟಿದ.

"ಜೋಡಿ ಬೇರೆ ಮಾಡಿ ಅಂತ ನೀನಾದ್ರೂ ಬಂದು ಕೇಳ್ಬಹುದಿತ್ತಲ್ಲ" ಎಂದರು ಮೇಷ್ಟ್ರು. ಹೇಳಿದ ಮೇಲೆ ತಮ್ಮ ದನಿ ತಮಗೇ ಕೇಳಿಸಿತು.

"ಕೇಳ್ಬೇಕು ಅಂತ ಒಂದಿನ ನಿಮ್ಮ ಮೇಜಿನ ಹತ್ರ ಬಂದಿದ್ದೆ ಸಾರ್. ಅವ್ನು ಮೊದಲೇ ಬಂದು ನಿಂತಿದ್ದ. ನೀವು ಜಾಬು ಓಡೋಗುತ್ತಾ ಅಂದ್ರಿ. ಎಲ್ರೂ ನಕ್ರು. ನಾನೂ ನಕ್ಕೆ. ಆಮೇಲೆ ಹೆಂಗೆ ಕೇಳೋದು?"

ಗೇಟಿನ ಕೂಗು ಒಮ್ಮೆ ಏರಿ ಇಳಿಯಿತು. ಹುಡುಗ ತಲೆ ತಗ್ಗಿಸಿ, ಯಾರಿಗೋ ಹೇಳುವಂತೆ ಹೇಳಿದ: "ಆ ಗರಗಸ ಎಳೆದಿದ್ದು ನಾನೇ ಸಾರ್."

"ಗೊತ್ತು."

"ಈಗ ಗೊತ್ತಾಯ್ತಾ ಸಾರ್?"

ಮೇಷ್ಟ್ರು ವೈಸಿನ ಮೇಲಿನ ಉಕ್ಕಿನ ಪುಡಿಯನ್ನು ಬೆರಳಿನಿಂದ ಒರೆಸಿದರು.

"ಅವತ್ತೇ ಗೊತ್ತಿತ್ತಾ ಸಾರ್?"

ಗರಗಸದ ಗೀರು ಯಾರ ಕೈಯದೆಂದು ಓದುವುದು ಅವರಿಗೆ ಕಷ್ಟದ ಕೆಲಸವಲ್ಲ. ಎಡಗೈಯವನ ಗರಗಸ ಬೇರೆ ಕಡೆಗೆ ವಾಲುತ್ತದೆ. ಆ ತುಂಡು ಮೇಜಿಗೆ ಬಂದ ಕ್ಷಣವೇ ಅವರಿಗೆ ತಿಳಿದಿತ್ತು. ಆದರೂ ಇಬ್ಬರನ್ನೂ ಕರೆಸಿದ್ದರು. ಒಬ್ಬನನ್ನು ಬೈದರೆ ಇನ್ನೊಬ್ಬನ ಪಕ್ಷ ವಹಿಸಿದಂತಾಗುತ್ತದೆ. ತಮ್ಮ ಕೋಣೆಯಲ್ಲಿ ಭೇದವಿಲ್ಲ ಎನ್ನುವುದು ಅವರ ಹೆಮ್ಮೆ. ಇಬ್ಬರಿಗೂ ಒಂದೇ ಮಾತು ಹೇಳಿ ಕೈ ಕುಲುಕಿಸಿದ್ದರು. ನಲವತ್ತೊಂದು "ಆಯ್ತು ಸಾರ್" ಅಂದಿದ್ದ. ನಲವತ್ತೆರಡು ಬಾಯಿ ಬಿಟ್ಟಿರಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಿಂತಿದ್ದ, ಮೂಲೆಮಟ್ಟವನ್ನು ಬೆಳಕಿಗೆ ಹಿಡಿದು ನೋಡುವಾಗಿನ ಅದೇ ತಾಳ್ಮೆಯಿಂದ. ಆ ಸಂಜೆ ದಿನಚರಿಯಲ್ಲಿ ಬರೆದದ್ದು: ಇಬ್ಬರೂ ಒಪ್ಪಿದರು. ಅದಾಗಿ ಹನ್ನೊಂದನೆಯ ದಿನ ಓಣಿಯಲ್ಲಿ ಅದು ನಡೆಯಿತು.

"ಹೂಂ" ಎಂದರು ಮೇಷ್ಟ್ರು. "ಅವತ್ತೇ ಗೊತ್ತಿತ್ತು."

ಹುಡುಗ ಅವರನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಬಹುದೆಂದು ಮೇಷ್ಟ್ರು ಕಾದರು. ಅಲ್ಲಿದ್ದದ್ದು ಸಿಟ್ಟಲ್ಲ, ಎಷ್ಟೋ ದಿನ ನಿದ್ದೆಯಿಲ್ಲದವನ ಸುಸ್ತು. "ಅವತ್ತು ನನಗೆ ಎರಡು ಬಾರಿಸ್ಬೇಕಿತ್ತು ಸಾರ್ ನೀವು" ಎಂದು, ಮತ್ತೆ ವೈಸಿಗೆ ಬಾಗಿದ. ಈಗ ನಿಧಾನವಾಗಿ ತಳ್ಳುತ್ತಿದ್ದ. ಬೆಂಚು ಕದಲಲಿಲ್ಲ.

ಮೇಷ್ಟ್ರು ನಲವತ್ತೆರಡನೇ ತುಂಡನ್ನು ವೈಸಿನಲ್ಲಿ ಹಾಗೆಯೇ ಬಿಟ್ಟು, ಅರವನ್ನು ಹಲಗೆಗೆ ತೂಗುಹಾಕಿ ಬಂದು ಕೂತರು.

ಒಂದೂವರೆಗೆ ಹುಡುಗ ಜಾಬು ಒಪ್ಪಿಸಿದ. ಅಳತೆ ತಕ್ಕಮಟ್ಟಿಗೆ ಸರಿಯಿತ್ತು, ಒಂದು ಮೂಲೆ ಕೊಂಚ ಬಿಟ್ಟಿತ್ತು. ಮೇಷ್ಟ್ರು ಇದ್ದದ್ದಕ್ಕೆ ಇದ್ದಷ್ಟು ಅಂಕ ಬರೆದರು. ಜೋಡಣೆಯ ಕಾಲಮ್ಮಿನಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, 'ಜೋಡಿ ಇಲ್ಲ' ಎಂದು ಬರೆದು ಅವನಿಗೆ ತೋರಿಸಿದರು.

"ಸರಿ ಸಾರ್" ಎಂದ. ಬೆಂಚು ಗುಡಿಸಿ, ಉಕ್ಕಿನ ಪುಡಿಯನ್ನು ಡಬ್ಬಿಗೆ ಸುರಿದು, ಗರಗಸ ಒರೆಸಿ ಅದರ ಕಪ್ಪು ಆಕಾರದ ಮೇಲೆ ತೂಗುಹಾಕಿದ. ಪಕ್ಕದ ಖಾಲಿ ಆಕಾರದ ಎದುರು ಅವನ ಕೈ ಒಂದು ಗಳಿಗೆ ಎತ್ತಿದಂತೆಯೇ ಇತ್ತು. ಹೊರಗೆ ಅಪ್ಪ ಎದ್ದು ನಿಂತು ಚೀಲಕ್ಕೆ ಕೈ ಚಾಚಿದ.

ಅವರು ಹೋದ ಮೇಲೆ ಮೇಷ್ಟ್ರು ಮೇಜಿನ ಕೆಳಗಿನ ಖಾನೆ ಎಳೆದರು. ಹಳೆಯ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಡಿಸದೆ ಹಾಗೇ ಜೇಬಿಗೆ ಹಾಕಿಕೊಂಡರು. ಇನ್ನೊಂದು ಜೇಬಿನಲ್ಲಿ ಟೈಪು ಮಾಡಿದ ಕಾಗದವಿತ್ತು. ಅಂಗಳ ದಾಟುವಷ್ಟರಲ್ಲಿ ಒಂದು ಕಡೆಯ ಭಾರಕ್ಕೆ ಅಂಗಿ ಓರೆಯಾಗಿ ಎಳೆಯುತ್ತಿತ್ತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೂವರು ಸದಸ್ಯರು. ಅಧ್ಯಕ್ಷೆ ಹೊರಗಿನಿಂದ ಬಂದ ವಯಸ್ಸಾದ ವಕೀಲೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಕಡತ ತಿರುವುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಪ್ರಿನ್ಸಿಪಾಲರು. ಗೋಡೆಯ ಪಕ್ಕದ ಬೆಂಚಿನಲ್ಲಿ ಆ ತಾಯಿ. ಕೇಳಿಸಿಕೊಳ್ಳಬಹುದು, ನಡುವೆ ಮಾತಾಡಬಾರದು ಎಂದು ಷರತ್ತಾಗಿತ್ತಂತೆ. ಗುಂಡುಸೂಜಿಗಳು ಇನ್ನೂ ಅವಳ ಎದೆಯ ಮೇಲೇ ಇದ್ದವು.

"ಹೇಳಿಕೆ ತಂದಿದ್ದೀರಾ? ಓದಿ ಸಹಿ ಹಾಕಿ ಕೊಡಿ" ಎಂದರು ಅಧ್ಯಕ್ಷೆ.

ಮೇಷ್ಟ್ರು ಕಾಗದ ಬಿಡಿಸಿದರು. ಪೆನ್ನಿನ ಮುಚ್ಚಳವನ್ನೂ ತೆಗೆದರು. ಪ್ರಿನ್ಸಿಪಾಲರು ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು.

"ಇದರಲ್ಲಿರೋ ಮಾತೆಲ್ಲ ನಂದೇ ಅಮ್ಮ" ಎಂದರು ಮೇಷ್ಟ್ರು. "ನಾನೇ ಬರೆದದ್ದು. ಸುಳ್ಳು ಅಂತ ಹೇಳೋಕಾಗಲ್ಲ. ಇಬ್ಬರನ್ನೂ ಕರೆಸಿದ್ದೆ, ಇಬ್ಬರಿಗೂ ಹೇಳಿದ್ದೆ. ಆದ್ರೆ ಇಬ್ಬರೂ ದೂರು ತಂದಿರಲಿಲ್ಲ. ಒಬ್ಬನೇ ತಂದಿದ್ದ."

ಅಧ್ಯಕ್ಷೆಯ ಕನ್ನಡಕ ಹಣೆಯಿಂದ ಕೆಳಗಿಳಿಯಿತು. "ಯಾರು?"

"ತೀರಿಹೋದ ಹುಡುಗ. ಮೂರು ಸಲ ಬಂದಿದ್ದ. ಮೊದಲನೇ ಸಲ ಬೆಂಚು ಅಲ್ಲಾಡುತ್ತೆ ಅಂದ. ನಾನು ತಮಾಷೆ ಮಾಡಿದೆ. ಎರಡನೇ ಸಲ ಜೋಡಿ ಬದಲಾಯಿಸಿಕೊಡಿ, ಹಾಸ್ಟೆಲಲ್ಲೂ ಬಿಡ್ತಾ ಇಲ್ಲ ಅಂದ. ಆಗ್ಲೂ ತಮಾಷೆ ಮಾಡಿದೆ. ಮೂರನೇ ಸಲ..." ಜೇಬಿನಿಂದ ಬಟ್ಟೆಯ ಗಂಟನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. "ಇದನ್ನ ತಂದ. ಈ ಗೀರು ಯಾರ ಕೈಯದು ಅಂತ ನನಗೆ ನೋಡಿದ ಕೂಡ್ಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಇಬ್ಬರನ್ನೂ ಒಂದೇ ಥರ ನಿಲ್ಲಿಸಿ ಬುದ್ಧಿ ಹೇಳಿದೆ. ಇವನು ಏನೂ ಮಾತಾಡ್ಲಿಲ್ಲ. ಒಪ್ಪಿದ ಅಂತ ನಾನೇ ಬರ್ಕೊಂಡೆ."

ಅಧ್ಯಕ್ಷೆ ಆ ಗೀರಿನತ್ತ ಬಾಗಿ ನೋಡಿದರು. ಗೇಟಿನ ಕಡೆಯ ಕೂಗು ನಿಂತಿತ್ತು. ಹುಡುಗರು ಊಟಕ್ಕೆ ಎದ್ದಿರಬೇಕು.

"ಇದನ್ನ ಬರವಣಿಗೆಯಲ್ಲಿ ಕೊಡ್ತೀರಾ?" ಅಧ್ಯಕ್ಷೆ ಕೇಳಿದರು. "ಇದರಿಂದ ನಿಮಗೆ ಏನಾಗಬಹುದು ಅನ್ನೋದು ಗೊತ್ತಿದೆಯಾ?"

"ಕೊಡ್ತೀನಿ ಅಮ್ಮ."

ಮೇಷ್ಟ್ರು ಟೈಪಾದ ಹಾಳೆಯನ್ನು ಮಗುಚಿ, ಅದರ ಬೆನ್ನ ಮೇಲೆ ಬರೆಯತೊಡಗಿದರು. 'ನಲವತ್ತೆರಡು' ಎಂದು ಬರೆದು, ನಿಂತು, ಅದಕ್ಕೆ ಗೀಟು ಎಳೆದರು. ಕತ್ತೆತ್ತಿ ಗೋಡೆಯ ಪಕ್ಕದ ಬೆಂಚಿನ ಕಡೆ ತಿರುಗಿ, "ಅಮ್ಮ, ಅವನ ಪೂರ್ತಿ ಹೆಸರು ಹೇಳಿ" ಎಂದರು. ಅವಳು ಹೇಳಿದಳು. ಒಂದೊಂದೇ ಅಕ್ಷರ ಬಿಡಿಸಿ, ಶಾಲೆಗೆ ಸೇರಿಸುವಾಗ ಬರೆಸಿದಂತೆ. ಅವರು ಅದನ್ನು ದುಂಡಗೆ ಬರೆದುಕೊಂಡರು. ಬರೆಯುತ್ತಿರುವಾಗ ನೀರಿನ ಲೋಟವೊಂದು ಮೇಜಿನ ಮೇಲೆ ಅವರ ಕಡೆಗೆ ಸರಿದು ಬಂದು ನಿಂತಿತು. ಸರಿಸಿದ್ದು ಪ್ರಿನ್ಸಿಪಾಲರು. ಅವರು ಮೇಷ್ಟ್ರ ಮುಖ ನೋಡಲಿಲ್ಲ.

ಉಕ್ಕಿನ ತುಂಡು ಮೂವರ ಕೈ ದಾಟಿತು. ಅಧ್ಯಕ್ಷೆ ಅದನ್ನು ಕಡತದ ಮೇಲಿಡಲು ಹೋದಾಗ ಬೆಂಚಿನಿಂದ ದನಿ ಬಂತು: "ನಾನೊಂದ್ಸಲ ನೋಡ್ಲಾ?"

"ಇದನ್ನ ನಾವು ಇಟ್ಕೋಬೇಕಾಗುತ್ತಮ್ಮ."

"ಕೊಡ್ತೀನಿ. ನೋಡಿ ಕೊಡ್ತೀನಿ."

ಅವಳು ಎದ್ದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಷ್ಟು ತೂಕವಿರುತ್ತದೆಂದು ತಿಳಿದಿರಲಿಲ್ಲವೇನೋ, ಕೈ ಒಮ್ಮೆ ಇಳಿಯಿತು. ಗರಗಸದ ಗೀರನ್ನು ಅವಳು ಮುಟ್ಟಲಿಲ್ಲ. ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ, ಹೊಲಿಗೆಯ ಮೇಲೆ ಆಡಿಸುವಂತೆ, ಈ ತುದಿಯಿಂದ ಆ ತುದಿಗೆ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಸೂಜಿಗೆ ದಾರ ಪೋಣಿಸುವಾಗಿನಂತೆ ಒಂದು ಕಣ್ಣು ಮುಚ್ಚಿ, ಆ ಅಂಚನ್ನು ಬೆಳಕಿಗೆ ಎತ್ತಿ ಹಿಡಿದಳು.

ಅಧ್ಯಕ್ಷೆಯ ಚಾಚಿದ ಕೈ ಮೇಜಿನ ಮೇಲೆ ಹಾಗೇ ಇತ್ತು. ಯಾರೂ ಅವಸರ ಮಾಡಲಿಲ್ಲ.